ಕಾರಿನ ಕ್ಲಚ್ಚು ಕಟಕಟ ಎಂದರೆ

ಈ ಹದಿನೈದು ದಿನಗಳಲ್ಲಿ ಬಂದ ಪತ್ರಗಳ ಕಟ್ಟಿನಲ್ಲಿ ಉಪ್ಪಿನಕಾಯಿಗೆ ಬೂಷ್ಟು ಹಿಡಿದದ್ದು, ಮಿಕ್ಸಿಯ ಜಾರು ಸೋರುವುದು, ಕುಕ್ಕರು ಕೂಗದೇ ಇರುವುದು ಎಲ್ಲ ಇದ್ದವು. ಅವಕ್ಕೆಲ್ಲ ಮುಂದಿನ ಸಂಚಿಕೆಯಲ್ಲಿ ಉತ್ತರ ಬರೆಯುತ್ತೇನೆ, ಸೋದರಿಯರು ಬೇಸರಿಸಬಾರದು. ಈ ಸಲ ಪುಟವನ್ನೆಲ್ಲ ಒಂದೇ ಪತ್ರಕ್ಕೆ ಕೊಡುತ್ತಿದ್ದೇನೆ.

ಪತ್ರ ಬಂದಿರುವುದು ತೀರ್ಥಹಳ್ಳಿ ಕಡೆಯಿಂದ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಅವರ ಅತ್ತೆಯವರಿಗೆ ವಾರಕ್ಕೆ ಎರಡು ಸಲ ಶಿವಮೊಗ್ಗದಲ್ಲಿ ಡಯಾಲಿಸಿಸ್. ಯಜಮಾನರು ಹೊರದೇಶದಲ್ಲಿದ್ದಾರೆ. ಹಾಗಾಗಿ ಕಾರು ಓಡಿಸುವವರು ಈಕೆಯೇ. ಹೋಗಿ ಬರುವುದೆಂದರೆ 120 ಕಿಲೋಮೀಟರಿಗೆ ಕಡಿಮೆಯಿಲ್ಲ. ಕಾರು ಹನ್ನೊಂದು ವರ್ಷದ್ದು, ಡೀಸೆಲ್. ನಾಲ್ಕು ತಿಂಗಳಿಂದ ಕಾರು ನಿಂತಲ್ಲೇ ಓಡುತ್ತಿರುವಾಗ ಡಬ್ಬಿಯಲ್ಲಿ ಗೋಲಿ ಹಾಕಿ ಅಲ್ಲಾಡಿಸಿದ ಹಾಗೆ ಶಬ್ದವಂತೆ. ಕ್ಲಚ್ಚು ತುಳಿದರೆ ಶಬ್ದ ನಿಲ್ಲುತ್ತದಂತೆ. ಈಗೀಗ ಇಂಜಿನ್ನು ಆರಿಸುವಾಗ ‘ಧಡ್ ಧಡ್’ ಎಂದು ಎರಡು ಏಟು ಬೇರೆ. ದೊಡ್ಡ ವರ್ಕ್‌ಶಾಪಿಗೆ ತೋರಿಸಿದರೆ 68 ಸಾವಿರ ಎಂದರಂತೆ. ಯಾಕಿಷ್ಟು ಎಂದು ಕೇಳಿದ್ದಕ್ಕೆ, ‘ಕ್ಲಚ್ ಸೆಟ್ಟು, ಫ್ಲೈವೀಲು ಎಲ್ಲಾ ಹೋಗಿದೆ ಮೇಡಂ, ಹೇಳಿದ್ರೆ ನಿಮಗೆ ಗೊತ್ತಾಗಲ್ಲ’ ಎಂಬ ಉತ್ತರ. ಊರಿನ ಮೆಕಾನಿಕ್ಕು ನೋಡಿ, ‘ಅರ್ಧ ದುಡ್ಡಿಗೆ ಸಾದಾ ಫ್ಲೈವೀಲು ಹಾಕಿಕೊಡ್ತೀನಿ’ ಅಂದನಂತೆ. ‘ಯಾರ ಮಾತು ನಂಬಲಿ? ಮಂಡಗದ್ದೆ ಹತ್ತಿರ ಕಾಡಿನ ನಡುವೆ ಕಾರು ನಿಂತುಬಿಟ್ಟರೆ ಅತ್ತೆಯವರನ್ನು ಕಟ್ಟಿಕೊಂಡು ಏನು ಮಾಡಲಿ?’ ಎಂದು ಕೇಳಿದ್ದಾರೆ.

ಆ ‘ನಿಮಗೆ ಗೊತ್ತಾಗಲ್ಲ’ ಎಂಬ ಮಾತಿಗಾಗಿಯೇ ನಾನು ಪುಟ ಪೂರ್ತಿ ಕೊಟ್ಟದ್ದು. ಕುಕ್ಕರಿನ ಕೂಗು ಕೇಳಿ ಒಳಗೆ ನೀರು ಬತ್ತಿದೆ ಎಂದು ಪಕ್ಕದ ಕೋಣೆಯಿಂದಲೇ ಹೇಳುವವರು ನಾವು. ಕಾರಿನ ಶಬ್ದ ಯಾಕೆ ಗೊತ್ತಾಗಬಾರದು? ನಮ್ಮ ಮೈದುನನ ಗ್ಯಾರೇಜು ನಮ್ಮ ಹಿತ್ತಲಿಗೆ ಅಂಟಿಕೊಂಡೇ ಇದೆ. ಹದಿನೆಂಟು ವರ್ಷದಿಂದ ಅಡಿಗೆಮನೆ ಕಿಟಕಿಯಲ್ಲಿ ಕೇಳಿ, ಕಾಫಿ ಕೊಡುವ ನೆಪದಲ್ಲಿ ನಿಂತು ನೋಡಿ, ಕೇಳಿದ್ದನ್ನೇ ಮತ್ತೆ ಕೇಳಿ ಅವನ ತಲೆ ತಿಂದು ತಿಳಿದುಕೊಂಡದ್ದನ್ನು ಬರೆಯುತ್ತಿದ್ದೇನೆ.

ಮೊದಲು ಫ್ಲೈವೀಲು ಅಂದರೆ ಏನು ಅನ್ನೋಣ. ಬೀಸುಕಲ್ಲು ನೆನಪಿದೆಯಲ್ಲ? ಕೈ ಒಂದು ಸುತ್ತಿನಲ್ಲಿ ಒಂದು ಕಡೆ ಜೋರಾಗಿ ಎಳೆಯುತ್ತದೆ, ಇನ್ನೊಂದು ಕಡೆ ಸಡಿಲ ಬಿಡುತ್ತದೆ. ಆದರೂ ಕಲ್ಲು ಒಂದೇ ಸಮನೆ ತಿರುಗುತ್ತದೆ. ಕಲ್ಲಿನ ತೂಕವೇ ಆ ಕೆಲಸ ಮಾಡುವುದು. ಕಾಲಲ್ಲಿ ತುಳಿಯುವ ಹೊಲಿಗೆ ಮೆಷಿನ್ನಿನ ಕೆಳಗಿನ ದೊಡ್ಡ ಚಕ್ರವೂ ಅದೇ. ಇಂಜಿನ್ನಿನ ಹಿಂಬದಿಗೆ ಬೋಲ್ಟು ಹಾಕಿ ಬಿಗಿದಿರುವ ಭಾರದ ಕಬ್ಬಿಣದ ಚಕ್ರವೇ ಫ್ಲೈವೀಲು. ನಾಲ್ಕು ಸಿಲಿಂಡರಿನ ಇಂಜಿನ್ನು ಒಂದು ಸುತ್ತಿಗೆ ಎರಡು ಸಲ ಸಿಡಿಯುತ್ತದೆ. ನಿಂತಲ್ಲಿ ನಿಮಿಷಕ್ಕೆ 800 ಸುತ್ತು ತಿರುಗುತ್ತಿದೆ ಎಂದರೆ ಸೆಕೆಂಡಿಗೆ ಸುಮಾರು 27 ಏಟು. ಪೆಟ್ರೋಲಿನ ಏಟು ಸ್ವಲ್ಪ ಮೆದು. ಡೀಸೆಲಿನಲ್ಲಿ ಗಾಳಿಯನ್ನು ಹೆಚ್ಚು ಹಿಸುಕಿ ಆ ಬಿಸಿಯಲ್ಲೇ ಎಣ್ಣೆ ಸಿಡಿಸುವುದರಿಂದ ಏಟು ಗಡುಸು. ಹಿಂದೆ ಅಂಬಾಸಿಡರ್ ಡೀಸೆಲಿನಲ್ಲಿ ಕೂತವರಿಗೆ ಗೊತ್ತು, ಸಿಗ್ನಲ್ಲಿನಲ್ಲಿ ನಿಂತಾಗ ಕೈಬಳೆಯೆಲ್ಲ ಕಿಣಿಕಿಣಿ ಎನ್ನುತ್ತಿತ್ತು.

ಆ ಏಟು ಗೇರುಬಾಕ್ಸಿಗೆ ಮುಟ್ಟಬಾರದು ಎಂದು ಮಾಡಿದ್ದೇ ಜೋಡಿ ಫ್ಲೈವೀಲು. ಗ್ಯಾರೇಜಿನವರು ಡ್ಯುಯಲ್ ಮಾಸ್ ಫ್ಲೈವೀಲು ಅಥವಾ ಡಿ.ಎಂ.ಎಫ್. ಎನ್ನುತ್ತಾರೆ. ಜರ್ಮನಿಯ ಲುಕ್ ಕಂಪನಿಯವರು 1985ರ ಹೊತ್ತಿಗೆ ಇದನ್ನು ಕಾರುಗಳಿಗೆ ತಂದರು. ಒಂದು ಚಕ್ರದ ಬದಲು ಎರಡು ಚಕ್ರ. ಒಂದು ಇಂಜಿನ್ನಿನ ಕಡೆ, ಇನ್ನೊಂದು ಕ್ಲಚ್ಚಿನ ಕಡೆ. ನಡುವೆ ಬಾಗಿದ ಉದ್ದನೆಯ ಸ್ಪ್ರಿಂಗುಗಳನ್ನು ಗ್ರೀಸಿನಲ್ಲಿ ಮುಳುಗಿಸಿ ಇಟ್ಟಿರುತ್ತಾರೆ. ಮಿಕ್ಸಿಯ ಜಾರಿನ ಅಡಿಯಲ್ಲಿ ರಬ್ಬರಿನ ಕಪ್ಲರ್ ಇರುತ್ತದಲ್ಲ, ಮೋಟಾರಿನ ಎಳೆತವನ್ನು ತಾನು ನುಂಗಿ ಬ್ಲೇಡಿಗೆ ಮೆತ್ತಗೆ ದಾಟಿಸುವುದು, ಹಾಗೇ ಇದೂ. ಕಪ್ಲರು ಸವೆದ ಮಿಕ್ಸಿ ಹೇಗೆ ಕಟಕಟ ಎನ್ನುತ್ತದೆಂದು ನಿಮಗೆ ನಾನು ಹೇಳಬೇಕೆ? ಇಲ್ಲಿಯೂ ಸ್ಪ್ರಿಂಗು ಸೋತು, ಗ್ರೀಸು ಒಣಗಿದರೆ ಎರಡು ಚಕ್ರಗಳೂ ಒಂದಕ್ಕೊಂದು ಬಡಿದುಕೊಳ್ಳುತ್ತವೆ. ಎಲ್ಲ ಡೀಸೆಲ್ ಕಾರಿನಲ್ಲೂ ಇದು ಇರುವುದಿಲ್ಲ. ಸಣ್ಣ ಇಂಜಿನ್ನಿನ ಹಲವು ಕಾರುಗಳಿಗೆ ಒಂದೇ ಗಟ್ಟಿ ಚಕ್ರ. ನಿಮ್ಮದು ಯಾವುದು ಎಂದು ಚಾಸಿ ನಂಬರು ಕೊಟ್ಟರೆ ಬಿಡಿಭಾಗದ ಅಂಗಡಿಯವರೇ ಹೇಳುತ್ತಾರೆ. ಇದನ್ನು ಮೊದಲು ತಿಳಿದುಕೊಳ್ಳಿ. ಇಲ್ಲದ ಡಿ.ಎಂ.ಎಫ್.ಗೆ ಬಿಲ್ಲು ಕಟ್ಟುವ ಅವಸ್ಥೆ ಬೇಡ.

ಇನ್ನು ಕ್ಲಚ್ಚು. ಎರಡು ಹಂಚಿನ ನಡುವೆ ಒಂದು ರೊಟ್ಟಿ ಸಿಕ್ಕಿಸಿದ ಹಾಗೆ ಅಂದುಕೊಳ್ಳಿ. ಒಂದು ಹಂಚು ಫ್ಲೈವೀಲು, ಇನ್ನೊಂದು ಪ್ರೆಶರ್ ಪ್ಲೇಟು, ನಡುವಿನ ರೊಟ್ಟಿ ಕ್ಲಚ್ ಪ್ಲೇಟು. ಕಾಲು ತೆಗೆದಿರುವಾಗ ಸ್ಪ್ರಿಂಗಿನ ಬಿಗಿತಕ್ಕೆ ಮೂರೂ ಒಟ್ಟಿಗೆ ತಿರುಗಿ ಗೇರುಬಾಕ್ಸಿನ ಶಾಫ್ಟನ್ನು ತಿರುಗಿಸುತ್ತವೆ. ಪೆಡಲು ತುಳಿದಾಗ ರಿಲೀಸ್ ಬೇರಿಂಗು ಎಂಬ ಉಂಗುರ ಮುಂದೆ ಬಂದು ಸ್ಪ್ರಿಂಗನ್ನು ಒತ್ತುತ್ತದೆ, ಹಂಚು ಸಡಿಲವಾಗುತ್ತದೆ, ರೊಟ್ಟಿ ನಿಲ್ಲುತ್ತದೆ. ಇಷ್ಟು ತಿಳಿದರೆ ಸಾಕು. ಪೆಡಲು ಮೇಲಿದ್ದಾಗ ಏನೇನು ತಿರುಗುತ್ತದೆ, ಒತ್ತಿದಾಗ ಏನೇನು ನಿಲ್ಲುತ್ತದೆ ಎನ್ನುವುದರಲ್ಲೇ ರೋಗ ಪತ್ತೆಯಾಗುತ್ತದೆ.

ಸಮತಟ್ಟು ಜಾಗದಲ್ಲಿ ಕಾರು ನಿಲ್ಲಿಸಿ. ಶೆಡ್ಡಿನೊಳಗೆ ಬೇಡ, ಹೊಗೆ ವಿಷ, ಅಂಗಳಕ್ಕೆ ತನ್ನಿ. ಹ್ಯಾಂಡ್‌ಬ್ರೇಕು ಎಳೆದು, ಗೇರು ನ್ಯೂಟ್ರಲ್ಲಿಗೆ ಹಾಕಿ, ಫ್ಯಾನು, ರೇಡಿಯೋ, ಎ.ಸಿ. ಎಲ್ಲ ಆರಿಸಿ, ಕಿಟಕಿ ಇಳಿಸಿ ಇಂಜಿನ್ನು ಚಾಲೂ ಮಾಡಿ. ಬೆಳಗ್ಗೆ ತಣ್ಣಗಿರುವಾಗ ಒಂದು ಸಲ, ಒಂದರ್ಧ ಗಂಟೆ ಓಡಿಸಿ ಬಿಸಿಯಾದ ಮೇಲೆ ಇನ್ನೊಂದು ಸಲ ಕೇಳಬೇಕು. ಮಕ್ಕಳನ್ನು ಸುಮ್ಮನಿರಿಸುವುದೇ ಇದರಲ್ಲಿ ಕಷ್ಟದ ಕೆಲಸ.

ಕಾಲು ತೆಗೆದಿರುವಾಗ ಶಬ್ದವಿದ್ದು ತುಳಿದ ಕೂಡಲೇ ನಿಂತರೆ, ರಿಲೀಸ್ ಬೇರಿಂಗಿನ ತಪ್ಪಲ್ಲ. ತುಳಿದಾಗ ಅದರ ಮೇಲೆ ಭಾರ ಬೀಳುತ್ತದೆ, ಆಗ ಶಬ್ದ ಹೆಚ್ಚಬೇಕೇ ಹೊರತು ನಿಲ್ಲಬಾರದು. ತುಳಿದಾಗ ನಿಂತದ್ದು ಗೇರುಬಾಕ್ಸಿನ ಒಳಗಿನ ಶಾಫ್ಟು. ಆದ್ದರಿಂದ ಶಬ್ದ ಒಂದೋ ಆ ಶಾಫ್ಟಿನ ಬೇರಿಂಗಿನದು, ಇಲ್ಲವೇ ಫ್ಲೈವೀಲು ತಡೆಯಲಾರದೆ ಬಿಟ್ಟ ಏಟಿಗೆ ಗೇರಿನ ಹಲ್ಲುಗಳು ಕಟಕಟಿಸುವುದು. ಎರಡನ್ನೂ ಬೇರೆ ಮಾಡುವ ಉಪಾಯವಿದೆ. ಆಕ್ಸಿಲರೇಟರನ್ನು ಮೆಲ್ಲಗೆ ಒತ್ತಿ ಮುಳ್ಳನ್ನು 1200, 1500ರವರೆಗೆ ತನ್ನಿ. ಗಿರಣಿಯ ಹಾಗೆ ‘ಗೊಂಯ್’ ಎನ್ನುವ ಒಂದೇ ಸಮನಾದ ದನಿ ವೇಗದ ಜೊತೆಗೇ ಏರಿದರೆ ಬೇರಿಂಗಿನ ಕಡೆ ಅನುಮಾನ. ಆಗ ಮೊದಲು ಗೇರ್ ಆಯಿಲ್ ಎಷ್ಟಿದೆ ನೋಡಿಸಿ, ಅದು ಕಡಿಮೆ ಖರ್ಚಿನದು. ನಿಂತಲ್ಲಿ ಗೋಲಿ ಅಲ್ಲಾಡಿದಂತಿದ್ದು, ವೇಗ ಸ್ವಲ್ಪ ಏರಿಸಿದ ಕೂಡಲೇ ಮಾಯವಾದರೆ ಫ್ಲೈವೀಲಿನ ಕಡೆ ನೋಡಬೇಕು. ವೇಗ ಏರಿದಾಗ ಏಟುಗಳು ಹತ್ತಿರ ಹತ್ತಿರ ಬಿದ್ದು ಚಕ್ರದ ತೂಕವೇ ಅವನ್ನು ನುಂಗಿಬಿಡುತ್ತದೆ.

ಇದಕ್ಕೆ ತಿರುವುಮುರುವಾಗಿ, ಸುಮ್ಮನಿದ್ದ ಕಾರು ಪೆಡಲು ಒತ್ತಿದಾಗ ‘ಕುಂಯ್’ ಎಂದೋ ‘ಜುರ್ರ್’ ಎಂದೋ ಅಂದರೆ ರಿಲೀಸ್ ಬೇರಿಂಗು. ಇದರ ಬೆಲೆ ದೊಡ್ಡದಲ್ಲ, ಆದರೆ ಮುಟ್ಟಬೇಕಾದರೆ ಗೇರುಬಾಕ್ಸು ಇಳಿಸಬೇಕು. ಕೂಲಿಯೇ ಜಾಸ್ತಿ. ಇನ್ನೊಂದಿದೆ. ಇಂಜಿನ್ನು ಆರಿಸಿದ್ದಾಗಲೂ ಪೆಡಲು ಒತ್ತಿದರೆ ಬಾಗಿಲಿನ ಹಾಗೆ ಕಿರ್ರೆಂದರೆ ಅದು ಪೆಡಲಿನ ಬುಷ್ಷು ಅಥವಾ ಫೋರ್ಕಿನ ಮೊಳೆ ಒಣಗಿದ್ದು. ಪೆಡಲಿನ ಬುಡಕ್ಕೆ ಚೂರು ಗ್ರೀಸು ಹಚ್ಚಿದರೆ ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ಇದಕ್ಕೆ ಯಾರಾದರೂ ಕ್ಲಚ್ ಸೆಟ್ಟು ಬದಲಿಸಿ ಅಂದರೆ ಕಾರು ತಿರುಗಿಸಿಕೊಂಡು ಬಂದುಬಿಡಿ.

ಇಂಜಿನ್ನು ಹಾಕುವಾಗ, ಆರಿಸುವಾಗ ಬರುವ ಏಟಿನದೇ ಬೇರೆ ಕಥೆ. ಜೋಡಿ ಫ್ಲೈವೀಲಿನ ಸ್ಪ್ರಿಂಗುಗಳು ಅತಿ ಹೆಚ್ಚು ತೂಗಾಡುವುದು ನಿಂತಲ್ಲಿ ಓಡುವ ವೇಗಕ್ಕಿಂತ ಕೆಳಗಿನ ಒಂದು ವೇಗದಲ್ಲಿ. ಚಾಲೂ ಮಾಡಿದಾಗ ಇಂಜಿನ್ನು ಆ ವೇಗವನ್ನು ಹಾರಿ ದಾಟುತ್ತದೆ, ಆರಿಸಿದಾಗ ಅದರ ಮೇಲೇ ಇಳಿದು ಬರುತ್ತದೆ. ಉಯ್ಯಾಲೆಗೆ ಸರಿಯಾದ ಹೊತ್ತಿಗೆ ನೂಕಿದರೆ ಹೇಗೆ ಹೆಚ್ಚು ಹೆಚ್ಚು ತೂಗುತ್ತದೋ ಹಾಗೆ. ಸ್ಪ್ರಿಂಗು ಗಟ್ಟಿಯಿದ್ದರೆ ತಡೆದುಕೊಳ್ಳುತ್ತದೆ, ಸೋತಿದ್ದರೆ ‘ಧಡ್’. ಇದರಿಂದ ಇನ್ನೂ ಒಂದು ವಿಷಯ ತಿಳಿಯುತ್ತದೆ. ಬ್ಯಾಟರಿ ಸೋತು ಇಂಜಿನ್ನು ‘ಊಂ... ಊಂ...’ ಎಂದು ನಿಧಾನಕ್ಕೆ ತಿರುಗಿ ಹೊತ್ತಿಕೊಳ್ಳುತ್ತಿದ್ದರೆ, ಪ್ರತಿ ಬೆಳಗ್ಗೆಯೂ ಆ ಕೆಟ್ಟ ವೇಗದಲ್ಲಿ ಅದು ಹೆಚ್ಚು ಹೊತ್ತು ಉಳಿಯುತ್ತದೆ. ಫ್ಲೈವೀಲನ್ನು ಮೆಲ್ಲಗೆ ಕೊಲ್ಲುವುದು ಕೆಲವೊಮ್ಮೆ ಬ್ಯಾಟರಿ. ಇಂಜೆಕ್ಟರು ಸರಿಯಾಗಿ ಸಿಂಪಡಿಸದೆ ಒಂದು ಸಿಲಿಂಡರು ಕುಂಟುತ್ತಿದ್ದರೂ ಹಾಗೇ ಆಗುತ್ತದೆ. ಅದನ್ನು ಸರಿಮಾಡದೆ ಹೊಸ ಫ್ಲೈವೀಲು ಹಾಕಿದರೆ ಅದೂ ಬೇಗ ಹೋಗುತ್ತದೆ. ತೂತು ಮಡಕೆಗೆ ಹೊಸ ನೀರು ತುಂಬಿದ ಹಾಗೆ.

ರಸ್ತೆಯ ಮೇಲೆ ಇನ್ನೆರಡು ನೋಡಿ. ಖಾಲಿ ರಸ್ತೆಯಲ್ಲಿ ಮೂರನೆಯ ಗೇರಿನಲ್ಲಿ 1000, 1200 ಸುತ್ತಿನಿಂದ ಮೆಲ್ಲಗೆ ಎಳೆಸಿದಾಗ ಅಡಿಯಿಂದ ಗುರ್ರೆಂದು ನೆಲವೇ ನಡುಗಿದರೆ ಅದೂ ಫ್ಲೈವೀಲಿನ ಲಕ್ಷಣವೇ. ನಾಲ್ಕನೆಯ ಗೇರಿನಲ್ಲಿ ಹೋಗುತ್ತಾ ಆಕ್ಸಿಲರೇಟರು ಒತ್ತಿದಾಗ ಇಂಜಿನ್ನಿನ ಕೂಗು, ಮುಳ್ಳು ಏರಿ ಕಾರಿನ ವೇಗ ಮಾತ್ರ ಏರದಿದ್ದರೆ ಕ್ಲಚ್ ಪ್ಲೇಟು ಸವೆದು ಜಾರುತ್ತಿದೆ. ಹೊರಡುವಾಗ ಕಾರು ಕುದುರೆಯ ಹಾಗೆ ಕುಣಿದರೆ ಪ್ಲೇಟಿಗೆ ಎಣ್ಣೆ ತಗುಲಿರಬಹುದು, ಅತಿ ಬಿಸಿಗೆ ಹಂಚಿನಲ್ಲಿ ಕಲೆಗಳು ಎದ್ದಿರಬಹುದು. ರಿವರ್ಸ್ ಗೇರು ಹಾಕುವಾಗ ಕರ್ರೆಂದರೆ ಕ್ಲಚ್ಚು ಪೂರ್ತಿ ಬಿಡುತ್ತಿಲ್ಲ, ಎಣ್ಣೆಯ ಕೊಳವೆಯಲ್ಲಿ ಗಾಳಿಯೋ ಸೋರಿಕೆಯೋ ಇದೆ.

ಈಗ ಕಳ್ಳರ ವಿಷಯ. ಕ್ಲಚ್ಚಿನ ಹೆಸರು ಕೆಡಿಸುವ ಕಳ್ಳರು ಕಾರಿನಲ್ಲಿ ಬಹಳ. ಇಂಜಿನ್ನನ್ನು ಹೊತ್ತ ರಬ್ಬರಿನ ಮೌಂಟಿಂಗು ಹರಿದಿದ್ದರೂ ಆರಿಸುವಾಗ ಧಡ್ ಎನ್ನುತ್ತದೆ, ಹೊರಡುವಾಗ ನಡುಗುತ್ತದೆ. ಫ್ಲೈವೀಲಿನ ಬೆಲೆಯ ಮುಂದೆ ಅದರ ಬೆಲೆ ಏನೂ ಅಲ್ಲ. ಹೊಗೆ ಕೊಳವೆಯ ಮೇಲಿನ ತಗಡಿನ ಬೋಲ್ಟು ಸಡಿಲವಾಗಿದ್ದರೆ ನಿಂತಲ್ಲಿ ತಗಡು ಡಬ್ಬಿಯಂತೆ ಕಟಕಟಿಸುತ್ತದೆ. ಆದರೆ ಈ ಎರಡಕ್ಕೂ ಪೆಡಲಿನ ಪರಿವೆ ಇಲ್ಲ, ತುಳಿದರೂ ಬಿಟ್ಟರೂ ಶಬ್ದ ಅಷ್ಟೇ. ಅಲ್ಲೇ ಸಿಕ್ಕಿಬೀಳುತ್ತವೆ. ನಮ್ಮ ಮೈದುನನ ಹತ್ತಿರ ಫ್ಲೈವೀಲು ಹೋಗಿದೆ ಎಂದು ಬೇರೆ ಕಡೆ ಹೇಳಿಸಿಕೊಂಡು ಬಂದ ಒಂದು ಕಾರು ಎರಡು ತಗಡಿನ ಕ್ಲಿಪ್ಪು ಬಿಗಿದದ್ದರಲ್ಲೇ ಗುಣವಾಗಿ ಹೋಯಿತು. ಆ ಮನುಷ್ಯ ಖುಷಿಗೆ ಒಂದು ಗೊನೆ ಬಾಳೆಹಣ್ಣು ತಂದುಕೊಟ್ಟಿದ್ದ.

ಸರಿ, ತೀರ್ಥಹಳ್ಳಿಯ ಸೋದರಿಯ ಕಾರಿಗೆ ಬರೋಣ. ತುಳಿದರೆ ನಿಲ್ಲುವ ಗೋಲಿ ಶಬ್ದ, ಆರಿಸುವಾಗ ಏಟು, ಎರಡೂ ಒಟ್ಟಿಗೆ ಇವೆ. ನೋಡದೆ ಹೇಳುವುದು ಜಾತಕ ನೋಡದೆ ಮದುವೆ ಮಾಡಿದ ಹಾಗೆ, ಆದರೂ ಲಕ್ಷಣ ಜೋಡಿ ಫ್ಲೈವೀಲಿನ ಕಡೆಗೇ ಹೆಚ್ಚು. ದೊಡ್ಡ ವರ್ಕ್‌ಶಾಪಿನವರ ಮಾತು ಸುಳ್ಳಿರಲಾರದು; ಬಾಯಿ ಮಾತ್ರ ಒರಟು. ಆದರೆ ಬಿಚ್ಚಿಸುವ ಮೊದಲು ಬ್ಯಾಟರಿ, ಇಂಜೆಕ್ಟರು, ಮೌಂಟಿಂಗು ಈ ಮೂರನ್ನು ನೋಡಿಸಿ, ನೋಡಿದ್ದೇವೆ ಎಂದು ಎಸ್ಟಿಮೇಟಿನ ಕಾಗದದಲ್ಲೇ ಬರೆಸಿಕೊಳ್ಳಿ.

ಅಷ್ಟು ದಿನ ಓಡುತ್ತದೆಯೇ ಎಂಬುದು ಅವರ ನಿಜವಾದ ಪ್ರಶ್ನೆ. ಗೇರು ಸಲೀಸಾಗಿ ಬೀಳುತ್ತಿದ್ದರೆ, ಕ್ಲಚ್ಚು ಜಾರದಿದ್ದರೆ, ಬರೀ ಕಟಕಟ ಶಬ್ದಕ್ಕೆ ಕಾರು ನಾಳೆಯೇ ನಡುದಾರಿಯಲ್ಲಿ ಕೈಕೊಡುವುದು ಅಪರೂಪ. ಹಾಗೆಂದು ತಿಂಗಳುಗಟ್ಟಲೆ ಎಳೆಯುವಂತೆಯೂ ಇಲ್ಲ. ಫ್ಲೈವೀಲು ಒಳಗೇ ಒಡೆದರೆ ಚೂರುಗಳು ಗೇರುಬಾಕ್ಸಿನ ಗೂಡನ್ನೂ ಸ್ಟಾರ್ಟರನ್ನೂ ಹಾಳುಮಾಡುತ್ತವೆ, ಆಗ 68 ಸಾವಿರ ಸಾಲುವುದಿಲ್ಲ. ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಶಬ್ದ, ಸುಟ್ಟ ವಾಸನೆ, ಪೆಡಲು ನೆಲಕ್ಕೆ ಕುಸಿಯುವುದು, ಗೇರು ಬೀಳದಿರುವುದು ಇವುಗಳಲ್ಲಿ ಒಂದು ಕಂಡರೂ ಆ ದಿನವೇ ಕಾರು ನಿಲ್ಲಿಸಿ. ಡಯಾಲಿಸಿಸ್ ತಪ್ಪಿಸುವ ಹಾಗಿಲ್ಲವಲ್ಲ, ಈಗಲೇ ಊರಿನ ಒಬ್ಬ ಟ್ಯಾಕ್ಸಿಯವನ ಹತ್ತಿರ ಮಾತಾಡಿ ಇಟ್ಟುಕೊಳ್ಳಿ. ಆಸ್ಪತ್ರೆಯಿಂದ ಬಂದ ಮಾರನೆಯ ದಿನ ಬೆಳಗ್ಗೆಯೇ ಕಾರನ್ನು ಗ್ಯಾರೇಜಿಗೆ ಬಿಡಿ. ಸಾಮಾನು ಮೊದಲೇ ತರಿಸಿ ಕೈಯಲ್ಲಿದ್ದರೆ ಬಿಚ್ಚಿ ಕೂಡಿಸುವುದು ಒಂದೆರಡು ದಿನದ ಕೆಲಸ. ಬಿಚ್ಚಿಟ್ಟುಕೊಂಡು ‘ಸಾಮಾನು ಬೆಂಗಳೂರಿಂದ ಬರಬೇಕು’ ಅನ್ನುವವರ ಕೈಗೆ ಮಾತ್ರ ಕೊಡಬೇಡಿ.

ಬಿಚ್ಚಿದ ದಿನ ನೀವೇ ಹೋಗಿ ನಿಲ್ಲಿ. ಕ್ಲಚ್ಚು ತೆಗೆದ ಮೇಲೆ ಫ್ಲೈವೀಲಿನ ಹೊರಚಕ್ರವನ್ನು ಕೈಯಿಂದ ತಿರುಗಿಸಿ ತೋರಿಸಲು ಹೇಳಿ. ಸ್ವಲ್ಪ ತಿರುಗಿ ಸ್ಪ್ರಿಂಗಿನ ಬಿಗಿತ ಸಿಗಬೇಕು. ಎಷ್ಟು ಆಟ ಇರಬಹುದು, ಎಷ್ಟು ವಾಲಾಡಬಹುದು ಎಂಬುದಕ್ಕೆ ಪ್ರತಿ ಮಾದರಿಗೂ ಕಂಪನಿಯವರೇ ಅಳತೆ ಕೊಟ್ಟಿರುತ್ತಾರೆ. ಮೆಕಾನಿಕ್ಕು ಬರೀ ಕೈಲಿ ಅಲ್ಲಾಡಿಸಿ ‘ಹೋಗಿದೆ’ ಅನ್ನಬಾರದು, ಆ ಅಳತೆ ತೋರಿಸಬೇಕು. ಅಂಚಿನಿಂದ ಗ್ರೀಸು ಸಿಡಿದಿದ್ದರೆ, ಮೈಯೆಲ್ಲ ನೀಲಿಗಟ್ಟಿದ್ದರೆ, ಬಿರುಕಿದ್ದರೆ ಅಳತೆಯೂ ಬೇಡ, ಬದಲಿಸುವುದೇ ಸರಿ. ಗಟ್ಟಿ ಫ್ಲೈವೀಲಾದರೆ ಲೇತಿಗೆ ಹಾಕಿ ಮೇಲ್ಮೈ ಸಮ ಮಾಡಿಸಬಹುದು, ಅದಕ್ಕೂ ಒಂದು ಮಿತಿ ಇದೆ. ಜೋಡಿಯದ್ದನ್ನು ಬಿಚ್ಚಿ ಸ್ಪ್ರಿಂಗು ಬದಲಿಸಿ ವೆಲ್ಡು ಮಾಡಿ ಕೊಡುವವರೂ ಇದ್ದಾರೆ. ನಾನಾದರೆ ಒಪ್ಪುವುದಿಲ್ಲ. ನಿಮಿಷಕ್ಕೆ ಮೂರು ನಾಲ್ಕು ಸಾವಿರ ಸುತ್ತು ತಿರುಗುವ ವಸ್ತು ಅದು, ಕೊಡಪಾನಕ್ಕೆ ಬೆಸುಗೆ ಹಾಕಿದ ಹಾಗಲ್ಲ.

ಗೇರುಬಾಕ್ಸು ಇಳಿದಿರುವಾಗಲೇ ಮಾಡಿಸಬೇಕಾದ ಸಣ್ಣ ಕೆಲಸಗಳಲ್ಲಿ ಜಿಪುಣತನ ಬೇಡ. ರಿಲೀಸ್ ಬೇರಿಂಗು ಹೊಸದು ಹಾಕಿಸಿ. ಶಾಫ್ಟಿನ ಸುತ್ತಲೇ ಎಣ್ಣೆಯ ಸಿಲಿಂಡರು ಕೂರುವ ಮಾದರಿಯಾದರೆ ಅದನ್ನೂ ಬದಲಿಸಿ. ಇಂಜಿನ್ನಿನ ಹಿಂಬದಿಯ ಆಯಿಲ್ ಸೀಲು ತೇವವಾಗಿದ್ದರೆ ಆಗಲೇ ಹೊಸದು ಹಾಕಿಸಿ, ಇಲ್ಲದಿದ್ದರೆ ಆ ಎಣ್ಣೆ ಹೊಸ ಪ್ಲೇಟನ್ನೇ ಕೆಡಿಸುತ್ತದೆ. ಫ್ಲೈವೀಲಿನ ಬೋಲ್ಟುಗಳು ಬಹಳ ಕಾರುಗಳಲ್ಲಿ ಒಮ್ಮೆ ಬಿಗಿದರೆ ಎಳೆದು ಉದ್ದವಾಗುವ ಜಾತಿಯವು. ಹಳೆಯದನ್ನೇ ಮತ್ತೆ ಹಾಕಬಾರದು. ಅವನ್ನು ಅಳತೆಯ ಪಾನಾದಲ್ಲಿ, ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಶಾಫ್ಟಿನ ಹಲ್ಲಿಗೆ ಗ್ರೀಸು ಒರೆಸಿದಷ್ಟೇ ಇರಬೇಕು. ದೋಸೆಗೆ ಬೆಣ್ಣೆ ಹಾಕಿದಂತೆ ಹಾಕಿದರೆ ತಿರುಗುವಾಗ ಸಿಡಿದು ಪ್ಲೇಟಿಗೆ ಹತ್ತುತ್ತದೆ. ಗೂಡಿನಲ್ಲಿರುವ ಕರಿ ಧೂಳನ್ನು ಬಾಯಿಂದಲೋ ಗಾಳಿ ಪಂಪಿನಿಂದಲೋ ಊದಲು ಬಿಡಬೇಡಿ, ಹಳೆಯ ಪ್ಲೇಟುಗಳಲ್ಲಿ ಕಲ್ನಾರು ಇರುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಲಿ, ಮಕ್ಕಳು ದೂರವಿರಲಿ.

ಊರಿನ ಮೆಕಾನಿಕ್ಕು ಹೇಳಿದ ಸಾದಾ ಫ್ಲೈವೀಲಿನ ಮಾತು ಉಳಿಯಿತು. ಅವನನ್ನು ಮೋಸಗಾರ ಎನ್ನಲಾರೆ. ಕೆಲವು ಕಾರುಗಳಿಗೆ ಹಾಗೆ ಬದಲಾಯಿಸುವ ಸೆಟ್ಟುಗಳು ನಿಜವಾಗಿಯೂ ಸಿಗುತ್ತವೆ, ಸ್ಪ್ರಿಂಗನ್ನು ಕ್ಲಚ್ ಪ್ಲೇಟಿನ ನಡುವೆ ಇಟ್ಟಿರುತ್ತಾರೆ. ಆದರೆ ಅಷ್ಟು ಉದ್ದದ ಸ್ಪ್ರಿಂಗು ಮಾಡುತ್ತಿದ್ದ ಕೆಲಸವನ್ನು ಆ ಗಿಡ್ಡ ಸ್ಪ್ರಿಂಗುಗಳು ಅಷ್ಟೇ ಚೆನ್ನಾಗಿ ಮಾಡಲಾರವು. ಉಳಿದ ಏಟು ಗೇರುಬಾಕ್ಸಿಗೆ ಹೋಗುತ್ತದೆ, ನಿಂತಲ್ಲಿ ನಡುಕ ಹೆಚ್ಚುತ್ತದೆ. ದಿನಕ್ಕೆ ನಾಲ್ಕು ಕಿಲೋಮೀಟರು ಮಾರುಕಟ್ಟೆಗೆ ಹೋಗುವ, ಇನ್ನೊಂದು ವರ್ಷಕ್ಕೆ ಮಾರಿಬಿಡುವ ಕಾರಾಗಿದ್ದರೆ ಹಾಕಿಸಿಕೊಳ್ಳಿ ಅನ್ನುತ್ತಿದ್ದೆ. ಸೂಜಿ ಚುಚ್ಚಿಸಿಕೊಂಡು ಸುಸ್ತಾದ ಹಿರಿಯರನ್ನು ಮಲಗಿಸಿಕೊಂಡು 60 ಕಿಲೋಮೀಟರು ಬರುವ ಕಾರಿಗೆ ನಡುಕ ಬೇಡ. ದುಡ್ಡು ಉಳಿಸಬೇಕಾದರೆ ಬೇರೆ ದಾರಿ ಇದೆ. ಕಾರು ಕಂಪನಿಯ ಮುದ್ರೆಯ ಪೆಟ್ಟಿಗೆಯಲ್ಲಿ ಬರುವ ಫ್ಲೈವೀಲನ್ನು ಎಷ್ಟೋ ಸಲ ಮಾಡಿಕೊಡುವುದು ಬೇರೆ ಬಿಡಿಭಾಗದ ಕಂಪನಿ. ಆ ಕಂಪನಿಯ ಸ್ವಂತ ಪೆಟ್ಟಿಗೆಯಲ್ಲಿ ಅದೇ ಸಾಮಾನು ಕಡಿಮೆ ಬೆಲೆಗೆ ಸಿಗುವುದುಂಟು. ಭಾಗದ ನಂಬರು ಬರೆದುಕೊಂಡು ಮೂರು ಕಡೆ ವಿಚಾರಿಸಿ, ಬಿಲ್ಲು ಕೇಳಿ ಪಡೆಯಿರಿ. ಬಿಲ್ಲು ಕೊಡದ ಅಂಗಡಿಯ ಸಾಮಾನು ಅಸಲಿಯಲ್ಲ ಎಂದುಕೊಳ್ಳುವುದೇ ಕ್ಷೇಮ.

ಹಳೆಯ ಡೀಸೆಲ್ ಕಾರನ್ನು ಮಾರಿ ಹೊಸ ಡೀಸೆಲ್ ಕೊಳ್ಳೋಣವೇ ಎಂದು ಪತ್ರದ ಕೊನೆಯಲ್ಲಿ ಕೇಳಿದ್ದಾರೆ. ಮಾರುತಿಯವರು 2020ರ ಏಪ್ರಿಲ್‌ನಲ್ಲಿ ಬಿ.ಎಸ್. 6 ನಿಯಮ ಬಂದಾಗ ಡೀಸೆಲ್ ಕಾರು ಮಾಡುವುದನ್ನೇ ನಿಲ್ಲಿಸಿದರು. ಸಣ್ಣ ಡೀಸೆಲ್ ಕಾರುಗಳು ಆಮೇಲೆ ಅಪರೂಪವಾದವು. ಇಂಜಿನ್ನು ಗಟ್ಟಿಯಿದ್ದರೆ ಇರುವುದನ್ನೇ ರಿಪೇರಿ ಮಾಡಿಸಿಕೊಳ್ಳುವುದು ನನ್ನ ಲೆಕ್ಕಕ್ಕೆ ಅಗ್ಗ.

ಓಡಿಸುವ ರೀತಿಯ ಬಗ್ಗೆ ಎರಡು ಮಾತು. ಕ್ಲಚ್ಚಿಗೆ ಇಷ್ಟೇ ಆಯುಷ್ಯ ಎಂದಿಲ್ಲ. ಒಬ್ಬರ ಕಾಲಲ್ಲಿ 40 ಸಾವಿರ ಕಿಲೋಮೀಟರಿಗೆ ಹೋದದ್ದು ಇನ್ನೊಬ್ಬರ ಕಾಲಲ್ಲಿ ಲಕ್ಷ ದಾಟುತ್ತದೆ. ಎಡಗಾಲನ್ನು ಪೆಡಲಿನ ಮೇಲೆ ಸುಮ್ಮನೆ ಇಟ್ಟುಕೊಂಡಿರಬೇಡಿ, ಪಕ್ಕಕ್ಕೆ ಇಡಿ. ಏರಿನಲ್ಲಿ ಟ್ರಾಫಿಕ್ಕು ನಿಂತಾಗ ಅರ್ಧ ಕ್ಲಚ್ಚಿನಲ್ಲಿ ಕಾರು ಹಿಡಿಯುವುದು ಶೂರತನವೆಂದು ಗಂಡಸರು ತಿಳಿದಿದ್ದಾರೆ. ಹ್ಯಾಂಡ್‌ಬ್ರೇಕು ಇರುವುದು ಅದಕ್ಕೇ. ಡೀಸೆಲ್ ಕಾರಿಗೆ ಇನ್ನೊಂದು ವಿಷಯ ಮುಖ್ಯ. ಎಣ್ಣೆ ಉಳಿಯುತ್ತದೆಂದು ದೊಡ್ಡ ಗೇರಿನಲ್ಲಿ 1000 ಸುತ್ತಿಗೆ ಇಳಿಸಿ ಗುರುಗುಟ್ಟಿಸಿ ಎಳೆಸುವವರಿದ್ದಾರೆ. ಜೋಡಿ ಫ್ಲೈವೀಲಿನ ಸ್ಪ್ರಿಂಗಿಗೆ ಅದಕ್ಕಿಂತ ಹಿಂಸೆ ಬೇರೆ ಇಲ್ಲ. ಆಗುಂಬೆ ಘಾಟಿಯ ತಿರುವುಗಳಲ್ಲಿ ಹತ್ತುವಾಗ ಇಂಜಿನ್ನು ಗೊಣಗುವ ಮೊದಲೇ ಎರಡಕ್ಕೋ ಒಂದಕ್ಕೋ ಇಳಿಸಿಬಿಡಿ. ಹೊರಡುವುದು ಯಾವಾಗಲೂ ಮೊದಲನೆಯ ಗೇರಿನಲ್ಲೇ.

ಕಾರು ವಾಪಸು ತರುವಾಗ ಗ್ಯಾರೇಜಿನ ಅಂಗಳದಲ್ಲೇ ಮೂರು ಸಲ ಚಾಲೂ ಮಾಡಿ ಆರಿಸಿ ಕೇಳಿ. ನ್ಯೂಟ್ರಲ್ಲಿನಲ್ಲಿ ಪೆಡಲು ಒತ್ತಿ, ಬಿಟ್ಟು ಕೇಳಿ. ರಿವರ್ಸು ಹಾಕಿ ನೋಡಿ. ಕ್ಲಚ್ಚಿನ ಎಣ್ಣೆ ಬಹಳ ಕಾರುಗಳಲ್ಲಿ ಬ್ರೇಕಿನ ಡಬ್ಬಿಯಿಂದಲೇ ಬರುತ್ತದೆ, ಅದು ಗುರುತಿನವರೆಗೆ ಇದೆಯೇ ನೋಡಿಕೊಳ್ಳಿ. ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕು. ಮೊದಲ 500 ಕಿಲೋಮೀಟರು ಮೆತ್ತಗೆ ಓಡಿಸಿ, ಹೊಸ ಪ್ಲೇಟು ಹಂಚಿಗೆ ಹೊಂದಿಕೊಳ್ಳಬೇಕಲ್ಲ. ಹಳೆಯ ಸಾಮಾನನ್ನು ಅಲ್ಲೇ ಬಿಟ್ಟು ಬರಬೇಡಿ, ಡಿಕ್ಕಿಯಲ್ಲಿ ಹಾಕಿಸಿಕೊಂಡು ಬನ್ನಿ. ಹಳೆಯ ಫ್ಲೈವೀಲೊಂದು ಹತ್ತು ಹನ್ನೆರಡು ಕಿಲೋ ತೂಗುತ್ತದೆ, ಗುಜರಿಯವನು ಕಬ್ಬಿಣದ ರೇಟು ಕೊಟ್ಟೇ ಒಯ್ಯುತ್ತಾನೆ.